‘ಏನಾಯಿತು?’ ಎಂದು ಕೇಳುವವರನ್ನು ಏನೆಂದು ಕರೆಯೋಣ?

ಮಾನ್ಯರೇ,

ಪ್ರೌಢಶಾಲೆಯ ಶಿಕ್ಷಕರಿಗಾಗಿ ಸಿದ್ಧವಾಗುತ್ತಿರುವ ತರಬೇತಿ ಕೈಪಿಡಿಯೊಂದರ ಕನ್ನಡದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಇಂಗ್ಲಿಷಿನಲ್ಲಿ ‘ರೆಸ್ಟೋರೇಟಿವ್ ಜಸ್ಟಿಸ್’ ಎಂದು ಕರೆಯುವ ಪದ್ಧತಿಯ ಮಾತುಕತೆಗಳನ್ನು ಶಾಲೆಯೊಳಗೆ ನಡೆಸಲು ಕಲಿಸುವುದು ಈ ಕೈಪಿಡಿಯ ಉದ್ದೇಶ. ಹುಡುಗರ ನಡುವೆ ಹೊಡೆದಾಟ, ಸಣ್ಣ ಕಳವು, ಅಡ್ಡಹೆಸರಿಟ್ಟು ಹೀಯಾಳಿಸುವುದು, ಒಬ್ಬಳನ್ನು ಗುಂಪಿನಿಂದ ಹೊರಗಿಡುವುದು ಮುಂತಾದವು ನಡೆದಾಗ ಯಾವ ನಿಯಮ ಮುರಿಯಿತು, ಮುರಿದವರಾರು, ಅವರಿಗೇನು ಶಿಕ್ಷೆ ಎಂದು ವಿಚಾರಿಸುವುದು ನಮ್ಮೆಲ್ಲರಿಗೂ ರೂಢಿಯಾಗಿರುವ ದಾರಿ. ಅದರ ಬದಲು ಯಾರಿಗೆ ನೋವಾಗಿದೆ, ಅವರಿಗೆ ಈಗ ಬೇಕಾಗಿರುವುದೇನು, ಅದನ್ನು ಪೂರೈಸುವ ಹೊಣೆ ಯಾರದು ಎಂದು ಕೇಳಬೇಕೆಂಬುದು ಅಮೆರಿಕದ ಅಪರಾಧಶಾಸ್ತ್ರಜ್ಞ ಹೊವಾರ್ಡ್ ಝೆಹ್ರ್ ಅವರು ಈ ಪದ್ಧತಿಗೆ ಕೊಟ್ಟ ತಿರುಳು. ನೋವುಂಡವರು, ನೋವು ಮಾಡಿದವರು ಮತ್ತು ಇಬ್ಬರ ಹತ್ತಿರದವರೂ ಸುತ್ತಲೂ ಕುಳಿತು ಈ ಪ್ರಶ್ನೆಗಳಿಗೆ ತಾವೇ ಉತ್ತರ ಹುಡುಕುವಾಗ ಅದನ್ನು ನಡೆಸುವವರೊಬ್ಬರು ಇರುತ್ತಾರೆ. ನನ್ನ ಮೊದಲ ಪ್ರಶ್ನೆ ಅವರ ಹೆಸರನ್ನು ಕುರಿತದ್ದು.

ನಮ್ಮ ಊರುಗಳಲ್ಲಿ ‘ನ್ಯಾಯ ಹೇಳುವವರು’ ಎಂಬ ಮಾತು ಹಳೆಯದು. ಅದರ ಕ್ರಿಯಾಪದವನ್ನು ಗಮನಿಸಬೇಕು: ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಇಲ್ಲಿ ಬೇಕಾದ ವ್ಯಕ್ತಿ ನ್ಯಾಯವನ್ನು ಹೇಳಕೂಡದು, ಪರಿಹಾರವನ್ನು ಸೂಚಿಸಲೂ ಕೂಡದು. ‘ಮಧ್ಯಸ್ಥ’ ಎಂಬ ಪದ ನ್ಯಾಯಾಲಯದ ವಲಯದಲ್ಲಿ, ವಿಶೇಷವಾಗಿ 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾದ ಮೇಲೆ, ಚೆನ್ನಾಗಿ ನೆಲೆಯೂರಿದೆ. ಆದರೆ ಆ ಪದ ಸಮಾನರಾದ ಇಬ್ಬರ ನಡುವಿನ ವ್ಯಾಜ್ಯವನ್ನು ಸೂಚಿಸುತ್ತದೆ. ಒಬ್ಬ ಇನ್ನೊಬ್ಬನ ಕೈ ಮುರಿದಿದ್ದರೆ ಅಲ್ಲಿ ವ್ಯಾಜ್ಯವೇನೂ ಇಲ್ಲ, ಆಗಿರುವುದು ಹಾನಿ, ಮತ್ತು ಅದು ಯಾರಿಂದ ಆಯಿತೆಂಬುದೂ ಮೊದಲೇ ಗೊತ್ತಿರುತ್ತದೆ. ಶಿಕ್ಷಣ ಇಲಾಖೆಯ ತರಬೇತಿಗಳಲ್ಲಿ ಬಳಕೆಯಲ್ಲಿರುವ ‘ಸುಗಮಕಾರ’ ಕೈಗೆ ಸಿಗುವ ಪದವೇ ಆದರೂ, ಶಿಕ್ಷಕರ ಕಿವಿಗೆ ಅದು ತರಬೇತಿಯಲ್ಲಿ ಎದುರು ನಿಂತು ಪಾಠ ಮಾಡುವ ಸಂಪನ್ಮೂಲ ವ್ಯಕ್ತಿಯೆಂದೇ ಕೇಳಿಸುತ್ತದೆ.

ನನಗೆ ಒಪ್ಪಿಗೆಯಾಗಿರುವುದು ‘ನಡೆಸಿಕೊಡು’ ಎಂಬ ಕ್ರಿಯಾಪದ. ಮದುವೆ ನಡೆಸಿಕೊಡುತ್ತಾರೆ, ಸಭೆ ನಡೆಸಿಕೊಡುತ್ತಾರೆ. ಕೆಲಸ ಬೇರೆಯವರದು, ಇವರು ಅದನ್ನು ಅವರಿಗಾಗಿ ಮಾಡುತ್ತಿದ್ದಾರೆ ಎಂಬುದು ಆ ‘ಕೊಡು’ವಿನಲ್ಲೇ ಅಡಗಿದೆ. ತೊಡಕೆಂದರೆ, ‘ಮಾತುಕತೆ ನಡೆಸಿಕೊಡುವವರು’ ಎಂಬುದು ಕೈಪಿಡಿಯ ಪ್ರತಿ ಪುಟದಲ್ಲೂ ಬರುವಷ್ಟು ಚಿಕ್ಕದಲ್ಲ, ಮತ್ತು ಇದರಿಂದ ಕಿವಿಗೆ ಹಿತವಾದ ನಾಮಪದವೊಂದು ನನಗೆ ಹೊಳೆದಿಲ್ಲ.

ಎರಡನೆಯದು ನನಗೆ ಹೆಚ್ಚು ಮುಖ್ಯವಾದ ವಿಷಯ, ಅಂದರೆ ಪ್ರಶ್ನೆಗಳ ಕನ್ನಡ. ಈ ಪದ್ಧತಿಯಲ್ಲಿ ಪ್ರಶ್ನೆಗಳನ್ನು ಮನಬಂದಂತೆ ಕೇಳುವುದಿಲ್ಲ. ಆಸ್ಟ್ರೇಲಿಯಾದ ವಾಗಾ ವಾಗಾ ಪಟ್ಟಣದಲ್ಲಿ 1991ರಲ್ಲಿ ಇಂಥ ಸಭೆಗಳನ್ನು ಆರಂಭಿಸಿದ ಪೊಲೀಸ್ ಅಧಿಕಾರಿ ಟೆರ್ರಿ ಓಕಾನೆಲ್ ಅವರು ರೂಪಿಸಿದ ಪ್ರಶ್ನಾವಳಿಯನ್ನು ಇಂದಿಗೂ ಶಾಲೆಗಳಲ್ಲಿ ಬಳಸುತ್ತಾರೆ. ಅದೇ ದೇಶದ ಕ್ವೀನ್ಸ್‌ಲ್ಯಾಂಡ್‌ನ ಮರೂಚಿಡೋರ್ ಪ್ರೌಢಶಾಲೆಯಲ್ಲಿ 1994ರಲ್ಲಿ, ಹಲ್ಲೆಯ ಪ್ರಕರಣವೊಂದರ ನಂತರ, ಮಾರ್ಗರೆಟ್ ಥಾರ್ಸ್‌ಬೋರ್ನ್ ಅವರು ನಡೆಸಿದ ಸಭೆಯಿಂದ ಈ ಕ್ರಮ ಶಾಲೆಯನ್ನು ಹೊಕ್ಕಿತು. ಏನಾಯಿತು, ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು, ಆಮೇಲೆ ಏನನ್ನಿಸಿತು, ಇದರಿಂದ ಯಾರ್‍ಯಾರಿಗೆ ಏನಾಗಿದೆ, ಇದು ಸರಿಹೋಗಬೇಕಾದರೆ ಏನಾಗಬೇಕು ಎಂಬಂತೆ ಪ್ರಶ್ನೆಗಳು ಸಾಗುತ್ತವೆ. ‘ಯಾಕೆ ಮಾಡಿದೆ?’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ, ಏಕೆಂದರೆ ‘ಯಾಕೆ’ ಎಂದ ಕೂಡಲೇ ಮಗು ತನ್ನನ್ನು ಕಾಪಾಡಿಕೊಳ್ಳಲು ಕಾರಣ ಹುಡುಕತೊಡಗುತ್ತದೆ. ನಮ್ಮ ಶಾಲೆಗಳಲ್ಲಂತೂ ‘ಯಾಕೋ ಹಾಗೆ ಮಾಡಿದೆ?’ ಎಂಬುದು ಪ್ರಶ್ನೆಯಾಗಿ ಉಳಿದೇ ಇಲ್ಲ, ಅದು ಬೈಗುಳದ ಪೀಠಿಕೆ.

ಮೇಲಿನ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದಾಗ ನಮ್ಮ ನುಡಿಯ ಒಂದು ಅನುಕೂಲ ಎದ್ದು ಕಂಡಿತು. ಒಂದೇ ಸುತ್ತಿನಲ್ಲಿ ಎಂಟನೆಯ ತರಗತಿಯ ಹುಡುಗ, ಅವನ ತಾಯಿ, ದೈಹಿಕ ಶಿಕ್ಷಕರು, ಮುಖ್ಯೋಪಾಧ್ಯಾಯರು ಎಲ್ಲರೂ ಕುಳಿತಿರುತ್ತಾರೆ. ‘ಏನು ಯೋಚನೆ ಮಾಡಿದೆ?’ ಎಂದು ಹುಡುಗನನ್ನೂ ‘ಏನು ಯೋಚನೆ ಮಾಡಿದಿರಿ?’ ಎಂದು ಮುಖ್ಯೋಪಾಧ್ಯಾಯರನ್ನೂ ಕೇಳಿದರೆ, ಎಲ್ಲರೂ ಸಮನಾಗಿ ಕುಳಿತಿದ್ದೇವೆ ಎಂಬ ಮಾತು ಅಲ್ಲಿಯೇ ಸುಳ್ಳಾಗುತ್ತದೆ. ಹುಡುಗನನ್ನು ಇದ್ದಕ್ಕಿದ್ದಂತೆ ‘ನೀವು’ ಎಂದರೆ ಅವನಿಗೆ ಅದು ಅಣಕವಾಗಿಯೋ ಮುನಿಸಾಗಿಯೋ ಕೇಳಿಸುವ ಸಂಭವವಿದೆ. ಆದರೆ ‘ಆಗ ಏನನ್ನಿಸಿತು?’ ಎಂಬ ವಾಕ್ಯದಲ್ಲಿ ಕ್ರಿಯಾಪದ ನೀನು–ನೀವುಗಳ ಗೊಡವೆಗೇ ಹೋಗುವುದಿಲ್ಲ. ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿರುವುದರಿಂದ, ಆ ‘ನಿನಗೆ’ ಅಥವಾ ‘ನಿಮಗೆ’ಯನ್ನು ಬಿಟ್ಟುಬಿಟ್ಟರೆ ಒಂದೇ ಪ್ರಶ್ನೆಯನ್ನು ಒಂದೇ ರೂಪದಲ್ಲಿ ಎಲ್ಲರಿಗೂ ಕೇಳಬಹುದು. ಆದ್ದರಿಂದ ಕೈಪಿಡಿಯ ಪ್ರಶ್ನೆಗಳೆಲ್ಲವೂ ‘ಆಯಿತು, ಅನ್ನಿಸಿತು, ಇತ್ತು, ಬೇಕು’ ಎಂಬ ಬಗೆಯಲ್ಲೇ ಇರಲಿ ಎಂಬುದು ನನ್ನ ವಾದ. ಇದು ಕೃತಕವೆನಿಸುವ ಸಂದರ್ಭಗಳಿದ್ದರೆ ದಯವಿಟ್ಟು ತೋರಿಸಿಕೊಡಿ.

ಪ್ರಶ್ನೆಯಲ್ಲಿ ಗುಣವಾಗಿರುವ ಈ ರಚನೆಯೇ ಉತ್ತರದಲ್ಲಿ ದೋಷವಾಗುತ್ತದೆ. ಕನ್ನಡದಲ್ಲಿ ಕ್ಷಮೆ ಕೇಳುವ ಸಹಜವಾದ ಮಾತು ‘ತಪ್ಪಾಯಿತು’. ಅದರಲ್ಲಿ ಮಾಡಿದವರೇ ಇಲ್ಲ: ಮಳೆಯಾಯಿತು ಎಂಬಂತೆ ತಪ್ಪೂ ತಾನಾಗಿ ಆಗಿದೆ. ‘ತಪ್ಪಾಯ್ತು ಸರ್, ಇನ್ನೊಂದ್ಸಲ ಮಾಡಲ್ಲ’ ಎಂಬ ಮಾತು ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದ್ದು, ಅದನ್ನು ಹೇಳುವುದು ಸಾಮಾನ್ಯವಾಗಿ ಶಿಕ್ಷಕರಿಗೇ ಹೊರತು ಪೆಟ್ಟು ತಿಂದ ಸಹಪಾಠಿಗಲ್ಲ. ‘ನಾನು ತಳ್ಳಿದೆ, ನಿನ್ನ ಕೈಗೆ ಪೆಟ್ಟಾಯಿತು’ ಎಂಬಲ್ಲಿ ಮೊದಲ ಕ್ರಿಯಾಪದ ಹೊಣೆಯನ್ನು ಹೊರುತ್ತದೆ, ಎರಡನೆಯದು ನೋವನ್ನು ಗುರುತಿಸುತ್ತದೆ. ಈ ಎರಡೂ ಸೇರಿ ಬರುವವರೆಗೆ ಕಾಯಬೇಕು, ಆದರೆ ಬಾಯಿಬಿಡಿಸಬಾರದು ಎಂಬುದು ಕಲಿಯುವ ಶಿಕ್ಷಕರಿಗೆ ಅತ್ಯಂತ ಕಷ್ಟದ ಪಾಠ. ಮೌನವನ್ನು ತಾಳಿಕೊಳ್ಳಲು ನಮ್ಮ ತರಗತಿಗಳು ನಮಗೆ ಕಲಿಸಿಲ್ಲ. ಆದುದರಿಂದಲೇ ಕಲಿಕೆಯನ್ನು ಹಾನಿಯ ಪ್ರಕರಣಗಳಿಂದ ಆರಂಭಿಸದೆ, ಸಂಘರ್ಷವೇನೂ ಇಲ್ಲದ ದಿನಗಳಲ್ಲಿ ವಸ್ತುವೊಂದನ್ನು ಕೈಯಿಂದ ಕೈಗೆ ದಾಟಿಸುತ್ತಾ, ಅದು ಕೈಯಲ್ಲಿರುವವರಷ್ಟೇ ಮಾತನಾಡುವ ಸುತ್ತುಗಳಿಂದ ಆರಂಭಿಸುತ್ತಾರೆ. ಪ್ರಕರಣ ಬಂದಾಗಲೂ ಎರಡೂ ಕಡೆಯವರನ್ನು ಮೊದಲು ಬೇರೆ ಬೇರೆಯಾಗಿ ಕಂಡು, ಇಬ್ಬರೂ ಮನಃಪೂರ್ವಕವಾಗಿ ಒಪ್ಪಿದರೆ ಮಾತ್ರ ಒಟ್ಟಿಗೆ ಕೂರಿಸಬೇಕು. ಒಪ್ಪದಿರುವ ಹಕ್ಕು ನೋವುಂಡ ಮಗುವಿಗೆ ಕೊನೆಯ ಗಳಿಗೆಯವರೆಗೂ ಇರಬೇಕು.

ಪದ್ಧತಿಯ ಹೆಸರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ‘ಪುನಃಸ್ಥಾಪನಾ ನ್ಯಾಯ’ ಎಂದರೆ ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವರಿಗೆ ಗೊಂದಲವಾದೀತು, ಏಕೆಂದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ‘ರೆಸ್ಟೋರೇಷನ್’ ಎಂದರೆ ಮಗುವನ್ನು ಕುಟುಂಬಕ್ಕೆ ಮರಳಿ ಸೇರಿಸುವುದು. ‘ಪರಿಹಾರ’ ಎಂದರೆ ಪತ್ರಿಕೆ ಓದುವವರಿಗೆ ಹಣವೇ ನೆನಪಾಗುತ್ತದೆ. ‘ಸರಿಪಡಿಸುವ ನ್ಯಾಯ’ ತಿಳಿಯಾಗಿದೆ, ಆದರೆ ಸರಿಪಡಿಸುವುದು ಮಗುವನ್ನಲ್ಲ, ಆದ ಹಾನಿಯನ್ನು ಮತ್ತು ಕೆಟ್ಟ ಸಂಬಂಧವನ್ನು ಎಂದು ಪ್ರತಿ ಸಲವೂ ವಿವರಿಸಬೇಕಾಗುತ್ತದೆ. ಹಾಗಿದ್ದರೂ ಸದ್ಯಕ್ಕೆ ಅದನ್ನೇ ಉಳಿಸಿಕೊಳ್ಳುವ ಮನಸ್ಸಿದೆ.

‘ರಾಜಿ’ ಎಂಬ ಪದವನ್ನು ಮಾತ್ರ ಕೈಪಿಡಿಯಲ್ಲಿ ಎಲ್ಲಿಯೂ ಬಳಸಬಾರದೆಂದು ನನ್ನ ದೃಢವಾದ ನಿಲುವು. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ವರದಿ ಮಾಡಲೇಬೇಕು, ಅಲ್ಲಿ ಶಾಲೆಯೊಳಗಿನ ಇಂಥ ಮಾತುಕತೆಗೆ ಅವಕಾಶವಿಲ್ಲ. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಇಂಥವುಗಳನ್ನು ‘ರಾಜಿ ಮಾಡಿಸಿ’ ಮುಚ್ಚುವ ಚಾಳಿ ಇರುವ ಕಡೆ, ಆ ಪದ ಈ ಪದ್ಧತಿಗೆ ಅಂಟಿಕೊಂಡರೆ ನೋವುಂಡ ಮಕ್ಕಳಿಗೆ ದ್ರೋಹವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ ಮೇಲೆ ಬೆತ್ತದ ಬದಲಿಗೆ ಏನು ಮಾಡಬೇಕೆಂದು ಪ್ರಾಮಾಣಿಕವಾಗಿ ಕೇಳುತ್ತಿರುವ ಶಿಕ್ಷಕರು ಬಹಳ ಮಂದಿ ಇದ್ದಾರೆ. ಅವರ ಕೈಗೆ ಕೊಡುವ ಕನ್ನಡ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿರಬೇಕು.

ಬಲ್ಲವರಲ್ಲಿ ಎರಡು ಕೋರಿಕೆಗಳಿವೆ. ‘ನಡೆಸಿಕೊಡುವವರು’ ಎಂಬುದಕ್ಕೆ ಚಿಕ್ಕದಾದ, ಆಡುಮಾತಿಗೆ ಒಗ್ಗುವ ಪದ ಯಾರ ಬಳಕೆಯಲ್ಲಾದರೂ ಇದ್ದರೆ ಸಂದರ್ಭದೊಡನೆ ತಿಳಿಸಬೇಕು. ಹಾಗೆಯೇ ಕಲಬುರಗಿ, ಬೆಳಗಾವಿ, ಕುಂದಾಪುರ, ಚಾಮರಾಜನಗರ ಮುಂತಾದ ಕಡೆಗಳ ಮಾತಿನಲ್ಲಿ, ಮಾಡಿದವರು ‘ನಾನೇ ಮಾಡಿದೆ’ ಎಂಬುದನ್ನು ಮರೆಸದೆ, ನೊಂದವರ ಎದುರಿಗೇ ತಪ್ಪನ್ನು ಒಪ್ಪಿಕೊಳ್ಳುವಾಗ ಆಡುವ ವಾಕ್ಯಗಳನ್ನು, ಮಕ್ಕಳ ಬಾಯಲ್ಲಿ ಕೇಳಿದ್ದಾದರೆ ಇನ್ನೂ ಒಳ್ಳೆಯದು, ಇದ್ದ ಹಾಗೆಯೇ ಬರೆದು ಕಳುಹಿಸಬೇಕು.