ಸಹಾಯ ಬೇಕು: ಎಜ್‌ವುಡ್ ಶಾಲೆಗಳ ಕೇಸನ್ನು ಪಾಠ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಇಲ್ಲಿ ಟೀಚರ್ ಆಗಿರುವವರು ಯಾರಾದರೂ ಇದ್ದರೆ ದಯವಿಟ್ಟು ಓದಿ.

ಸ್ಯಾನ್ ಆಂಟೋನಿಯೊದ ರಾಡ್ರಿಗಸ್ ಕೇಸ್ ಪಾಠ ನಡೀತಿದೆ. ಸ್ಥಳೀಯ ಆಸ್ತಿ ತೆರಿಗೆಯಿಂದ ಶಾಲೆಗಳಿಗೆ ಹಣ ಕೊಡುವ ಪದ್ಧತಿ ಅನ್ಯಾಯ ಅಂತ ಎಜ್‌ವುಡ್‌ನ ಪೋಷಕರು ಹಾಕಿದ ಕೇಸ್ ಅದು. 1960ರ ದಶಕದ ಕೊನೆಯ ಲೆಕ್ಕ ನೋಡಿ. ಹೆಚ್ಚಾಗಿ ಬಡ ಮೆಕ್ಸಿಕನ್ ಅಮೆರಿಕನ್ನರೇ ಇದ್ದ ಎಜ್‌ವುಡ್ ಶಾಲಾ ಜಿಲ್ಲೆಯಲ್ಲಿ 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ. ಪಕ್ಕದ ಶ್ರೀಮಂತ ಅಲಾಮೊ ಹೈಟ್ಸ್‌ನಲ್ಲಿ ಬರೀ 85 ಸೆಂಟ್. ಆದರೂ ಸ್ಥಳೀಯ ತೆರಿಗೆಯಿಂದ ಎಜ್‌ವುಡ್ ಮಗುವಿಗೆ ಸಿಕ್ಕಿದ್ದು 26 ಡಾಲರ್, ಅಲ್ಲಿ 333! ಮನೆಗಳ ಬೆಲೆಯೇ ಕಡಿಮೆ ಇದ್ದರೆ ಎಷ್ಟು ಹಿಂಡಿದರೂ ಅಷ್ಟೇ ಅಲ್ವಾ. 1973ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಈ ಪದ್ಧತಿ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು.

ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರಿಸಿದೆ, ಗ್ರಾಫ್ ಕೊಟ್ಟೆ. ಆದರೂ ಕೆಲವರು "ಅವರ ಅಪ್ಪ ಅಮ್ಮ ಜಾಸ್ತಿ ದುಡಿಯಬೇಕಿತ್ತು" ಅಂತಾರೆ. ಬಡ ಮನೆಯ ಮಕ್ಕಳು ಸುಮ್ನೆ ತಲೆ ತಗ್ಗಿಸುತ್ತಾರೆ. 2021ರ ರಾಜ್ಯದ ಕಾನೂನು ಬೇರೆ ಇದೆ, ವಿವಾದದ ವಿಷಯ ಎತ್ತಿದರೆ ಪಕ್ಷಪಾತ ಇಲ್ಲದೆ ಹೇಳಬೇಕು.

ತಪ್ಪು ಮನೆಯವರದ್ದಲ್ಲ, ವ್ಯವಸ್ಥೆಯದ್ದು ಅಂತ ಮಕ್ಕಳೇ ಕಂಡುಕೊಳ್ಳುವಂಥ, ಯಾರನ್ನೂ ಬೊಟ್ಟು ಮಾಡದ ಚಟುವಟಿಕೆ ಯಾವುದಾದರೂ ಮಾಡಿಸಿದ್ದೀರಾ? ಅದನ್ನು ಹೇಗೆ ಶುರು ಮಾಡಿದಿರಿ?