ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ಲೇಖನವನ್ನು ತಿದ್ದುವವರು ಏನನ್ನು ತಿದ್ದುತ್ತಾರೆ? – ಪ್ರಶ್ನೋತ್ತರ

ಪ್ರಶ್ನೆ – ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ

ನಮಸ್ಕಾರ ಮೇಡಂ. ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮೆಕ್ಕೆಜೋಳದ ಎಲೆಯ ಚಿತ್ರ ನೋಡಿ ರೋಗ ಗುರುತಿಸುವ ಡೀಪ್ ಲರ್ನಿಂಗ್ ಮಾದರಿ (ಅನೇಕ ಉದಾಹರಣೆಗಳನ್ನು ನೋಡಿ ಕಲಿಯುವ ಕಂಪ್ಯೂಟರ್ ವ್ಯವಸ್ಥೆ) ನನ್ನ ವಿಷಯ. ಜಗಳೂರು ಮತ್ತು ಹರಿಹರದ ಕಡೆಯ ಹೊಲಗಳಲ್ಲಿ ನಾನೇ ಮೊಬೈಲಿನಲ್ಲಿ ತೆಗೆದ 1,200 ಚಿತ್ರಗಳಿವೆ. ಜರ್ನಲ್ ಒಂದಕ್ಕೆ ಕಳುಹಿಸಿದ್ದ ಲೇಖನ ಮೊನ್ನೆ ವಾಪಸು ಬಂದಿದೆ. ಜರ್ನಲ್ ಪರವಾಗಿ ಲೇಖನವನ್ನು ಪರಿಶೀಲಿಸಿದ ರಿವ್ಯೂವರ್ ಒಬ್ಬರು ‘ವಿಷಯ ಬಲ್ಲ ಸಂಪಾದಕರಿಂದ ತಿದ್ದಿಸಿ ಮತ್ತೆ ಕಳುಹಿಸಿ’ ಎಂದಷ್ಟೇ ಬರೆದಿದ್ದಾರೆ. ವ್ಯಾಕರಣ ತಿದ್ದುವ ತಂತ್ರಾಂಶದಲ್ಲಿ ಹಾಕಿ ನೋಡಿದರೆ ಒಂದೂ ಕೆಂಪು ಗೆರೆ ಕಾಣುವುದಿಲ್ಲ. ಹಾಗಿದ್ದ ಮೇಲೆ ವಿಷಯ ಬಲ್ಲವರು ತಿದ್ದುವುದಕ್ಕೆ ಇನ್ನೇನು ಉಳಿದಿದೆ? ಅಬ್‌ಸ್ಟ್ರ್ಯಾಕ್ಟ್ (ಲೇಖನದ ಸಾರಾಂಶ) ಮತ್ತು ಪ್ರಯೋಗದ ಭಾಗವನ್ನು ಜೊತೆಗೆ ಹಾಕಿದ್ದೇನೆ, ದಯವಿಟ್ಟು ನೋಡಿ.

ಉತ್ತರ – ಸಂಪಾದಕಿ, ದಾವಣಗೆರೆ

ಎರಡನ್ನೂ ಓದಿದೆ. ವಾಕ್ಯಗಳಲ್ಲಿ ವ್ಯಾಕರಣದ ತಪ್ಪು ನಿಜಕ್ಕೂ ಕಡಿಮೆ. ಆದರೂ ಮೂರು ಕಡೆ ನಾನು ಮುಂದೆ ಹೋಗಲಾಗದೆ ನಿಂತೆ, ಆ ಮೂರನ್ನೂ ಯಾವ ವ್ಯಾಕರಣದ ತಂತ್ರಾಂಶವೂ ಹಿಡಿಯಲಾರದು.

ಮೊದಲನೆಯದು ಚಿಕ್ಕದು. ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ನಿಮ್ಮ ಮಾದರಿಯ ಆಕ್ಯುರಸಿ (ನೂರಕ್ಕೆ ಎಷ್ಟು ಸಲ ಸರಿಯಾಗಿ ಹೇಳಿತು ಎಂಬುದು) ಶೇ. 98.6 ಎಂದಿದೆ, ಮೂರನೆಯ ಕೋಷ್ಟಕದಲ್ಲಿ ಶೇ. 96.8 ಎಂದಿದೆ. ಬೆರಳಚ್ಚಿನಲ್ಲಿ ಅಂಕಿ ಹಿಂದುಮುಂದಾಯಿತೋ, ಹಳೆಯ ಪ್ರಯೋಗದ ಫಲಿತಾಂಶ ಹಾಗೆಯೇ ಉಳಿದುಕೊಂಡಿತೋ, ಅದು ಗೊತ್ತಿರುವುದು ನಿಮಗೆ ಮಾತ್ರ. ಆದ್ದರಿಂದ ಸಂಪಾದಕರು ಅದನ್ನು ತಾವೇ ತಿದ್ದಬಾರದು, ಪಕ್ಕದಲ್ಲಿ ಟಿಪ್ಪಣಿ ಹಾಕಿ ಕೇಳಬೇಕು.

ಎರಡನೆಯದು ದೊಡ್ಡದು. ‘1,200 ಚಿತ್ರಗಳನ್ನು ತಿರುಗಿಸಿ, ಮಗುಚಿ, ಬೆಳಕು ಹೆಚ್ಚುಕಡಿಮೆ ಮಾಡಿ 6,000ಕ್ಕೆ ಏರಿಸಲಾಯಿತು, ನಂತರ ಅವನ್ನು 80:20ರಂತೆ ತರಬೇತಿಗೂ ಪರೀಕ್ಷೆಗೂ ಹಂಚಲಾಯಿತು’ ಎಂದು ಬರೆದಿದ್ದೀರಿ. ಇಂಗ್ಲಿಷ್ ವಾಕ್ಯ ನೆಟ್ಟಗಿದೆ, ಹೇಳಿರುವ ಕ್ರಮ ಸರಿಯಿಲ್ಲ. ಒಂದೇ ಎಲೆಯ ಐದು ರೂಪಗಳಲ್ಲಿ ನಾಲ್ಕು ತರಬೇತಿಗೂ ಒಂದು ಪರೀಕ್ಷೆಗೂ ಹೋಗಿದ್ದರೆ, ಮಾದರಿಗೆ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಂತಾಯಿತು. ಮೊದಲು ಚಿತ್ರಗಳನ್ನು ಹಂಚಬೇಕು, ಅದೂ ಸಾಧ್ಯವಾದರೆ ಒಂದು ಹೊಲದ ಚಿತ್ರಗಳೆಲ್ಲ ಒಂದೇ ಪಾಲಿಗೆ ಬರುವಂತೆ ಹಂಚಬೇಕು. ಆಮೇಲೆ ತರಬೇತಿಯ ಪಾಲನ್ನು ಮಾತ್ರ ಹೆಚ್ಚಿಸಬೇಕು. ನೀವು ನಿಜವಾಗಿ ಹೀಗೆಯೇ ಮಾಡಿ, ಬರೆಯುವಾಗ ಕ್ರಮ ತಪ್ಪಿದ್ದರೆ ವಾಕ್ಯವನ್ನು ತಿದ್ದಿದರೆ ಸಾಕು. ಬರೆದಂತೆಯೇ ಮಾಡಿದ್ದರೆ ಪ್ರಯೋಗವನ್ನೇ ಮತ್ತೆ ಮಾಡಬೇಕಾಗುತ್ತದೆ. ಇವೆರಡರಲ್ಲಿ ಯಾವುದು ಎಂದು ಕೇಳಬೇಕೆನ್ನುವುದು ಹೊಳೆಯಬೇಕಾದರೆ, ತಿದ್ದುವವರು ಒಮ್ಮೆಯಾದರೂ ಮಾದರಿಗೆ ತರಬೇತಿ ಕೊಟ್ಟವರಾಗಿರಬೇಕು. ‘ವಿಷಯ ಬಲ್ಲ ಸಂಪಾದಕರು’ ಎಂಬ ಮಾತಿಗೆ ಅರ್ಥ ಇದೇ.

ಮೂರನೆಯದು, ‘ನಮ್ಮ ಮಾದರಿ ಎಲ್ಲ ಬಗೆಯ ಹೊಲಗಳಲ್ಲೂ ಸಮರ್ಥವಾಗಿ ಕೆಲಸ ಮಾಡುತ್ತದೆ’ ಎಂಬ ಕೊನೆಯ ಮಾತು. ಎರಡು ತಾಲ್ಲೂಕಿನ ಚಿತ್ರಗಳಿಂದ ಅಷ್ಟು ದೊಡ್ಡ ಮಾತು ಆಡಲು ಬರುವುದಿಲ್ಲ. ನಿಮ್ಮ ಕ್ಷೇತ್ರದಲ್ಲಿ ಬಹಳ ಮಂದಿ ಬಳಸುವ ಪ್ಲಾಂಟ್‌ವಿಲೇಜ್ ಎಂಬ ಎಲೆಚಿತ್ರಗಳ ದತ್ತಾಂಶದಲ್ಲಿ 54,306 ಚಿತ್ರಗಳಿವೆ. 2016ರಲ್ಲಿ ಮೊಹಾಂತಿ, ಹ್ಯೂಸ್ ಮತ್ತು ಸಲಾತೆ ಅದರ ಮೇಲೆ ತರಬೇತಿ ಕೊಟ್ಟ ಮಾದರಿ, ಅದೇ ದತ್ತಾಂಶದ ಪರೀಕ್ಷಾ ಪಾಲಿನಲ್ಲಿ ಶೇ. 99.35 ಆಕ್ಯುರಸಿ ತೋರಿಸಿತ್ತು. ಬೇರೆ ಸಂದರ್ಭದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದೇ ಮಾದರಿ ಶೇ. 31ರ ಆಸುಪಾಸಿಗೆ ಇಳಿಯಿತು, ಅದನ್ನು ಆ ಲೇಖಕರೇ ಮುಚ್ಚಿಡದೆ ಬರೆದಿದ್ದಾರೆ. ಕಿತ್ತ ಎಲೆಯನ್ನು ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟು ತೆಗೆದ ಚಿತ್ರಕ್ಕೂ, ಬಿಸಿಲು, ಧೂಳು, ಪಕ್ಕದ ಗಿಡದ ನೆರಳು ಎಲ್ಲ ಸೇರಿದ ಹೊಲದ ಚಿತ್ರಕ್ಕೂ ಅಷ್ಟು ಅಂತರ. ನಿಮ್ಮ ಕೈಯಲ್ಲಿರುವುದು ಹೊಲದ ಚಿತ್ರಗಳು. ನಿಮ್ಮ ಲೇಖನದ ನಿಜವಾದ ಬಲ ಅದೇ, ಆದರೆ ಅದು ನಾಲ್ಕನೆಯ ಪುಟದ ಒಂದು ಉದ್ದ ವಾಕ್ಯದ ಬಾಲದಲ್ಲಿ ಹುದುಗಿಕೊಂಡಿದೆ. ಮುಖ್ಯ ಮಾತನ್ನು ಕೊನೆಗೆ ಹೇಳುವುದು ನಮ್ಮಲ್ಲಿ ಹಲವರ ಅಭ್ಯಾಸ. ಇಂಗ್ಲಿಷ್ ಲೇಖನದ ರಿವ್ಯೂವರ್ ಮಾತ್ರ ಅದನ್ನು ಮೊದಲ ಪುಟದಲ್ಲೇ ಹುಡುಕುತ್ತಾರೆ. ಅದನ್ನು ಪೀಠಿಕೆಗೆ ತನ್ನಿ, ‘ಎಲ್ಲ ಬಗೆಯ ಹೊಲ’ ಎಂಬುದನ್ನು ತೆಗೆಯಿರಿ.

ಪ್ರಶ್ನೆ – ನಿವೃತ್ತ ಇಂಗ್ಲಿಷ್ ಉಪನ್ಯಾಸಕರು, ಚಿತ್ರದುರ್ಗ

ನನ್ನ ಅಣ್ಣನ ಮಗನ ಲೇಖನವನ್ನು ನಾನೇ ಕುಳಿತು ತಿದ್ದಿಕೊಟ್ಟಿದ್ದೆ. ಆಕ್ಯುರಸಿ ಎಂಬ ಪದ ಒಂದೇ ಪುಟದಲ್ಲಿ ಒಂಬತ್ತು ಸಲ ಬಂದಿದ್ದರಿಂದ, ಓದಲು ಹಿತವಾಗಿರಲೆಂದು ಕೆಲವು ಕಡೆ ಪ್ರಿಸಿಶನ್ ಎಂದು ಬದಲಿಸಿದೆ. ಅವನ ಗೈಡ್ ಬಹಳ ಬೇಸರ ಮಾಡಿಕೊಂಡರಂತೆ. ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ನನ್ನಿಂದ ಆದ ತಪ್ಪು ಏನೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ

ಸರ್, ತಾವು ಕೇಳಿದ್ದು ಒಳ್ಳೆಯದಾಯಿತು. ಸಾಹಿತ್ಯದಲ್ಲಿ ಗುಣವಾದದ್ದು ಇಲ್ಲಿ ದೋಷವಾಗುವ ಜಾಗ ಇದು. ಒಂದು ಲೆಕ್ಕ ಹಾಕೋಣ. ಸಾವಿರ ಎಲೆಗಳಿವೆ, ಅವುಗಳಲ್ಲಿ ನೂರಕ್ಕೆ ರೋಗ ತಗುಲಿದೆ. ಮಾದರಿಯು 80 ಎಲೆಗಳಿಗೆ ರೋಗವಿದೆ ಎಂದಿತು. ಅದರಲ್ಲಿ 60 ಮಾತ್ರ ನಿಜವಾಗಿ ರೋಗದ್ದು, 20 ಆರೋಗ್ಯವಾದದ್ದು. ರೋಗವಿದೆ ಎಂದು ಹೇಳಿದ್ದರಲ್ಲಿ ಎಷ್ಟು ನಿಜ ಎಂಬುದು ಪ್ರಿಸಿಶನ್: 80ಕ್ಕೆ 60, ಅಂದರೆ ಶೇ. 75. ರೋಗವಿದ್ದ ನೂರರಲ್ಲಿ ಎಷ್ಟನ್ನು ಹಿಡಿಯಿತು ಎಂಬುದು ರೀಕಾಲ್: ಶೇ. 60. ರೋಗದ 60 ಮತ್ತು ಆರೋಗ್ಯವಾದ 880 ಸೇರಿ 940 ಎಲೆಗಳ ಬಗ್ಗೆ ಮಾತು ಸರಿಯಾದ್ದರಿಂದ ಆಕ್ಯುರಸಿ ಶೇ. 94. ಒಂದೇ ಪ್ರಯೋಗ, ಮೂರು ಪದ, ಮೂರು ಬೇರೆ ಬೇರೆ ಸಂಖ್ಯೆ. ಆಕ್ಯುರಸಿ ಇದ್ದ ಕಡೆ ಪ್ರಿಸಿಶನ್ ಎಂದು ಬರೆದರೆ ಆ ಹುಡುಗ ಮಾಡದೇ ಇದ್ದ ಅಳತೆಯನ್ನು ಮಾಡಿದ್ದೇನೆಂದು ಹೇಳಿದಂತಾಗುತ್ತದೆ. ನಲವತ್ತು ರೋಗದ ಎಲೆಗಳನ್ನು ಬಿಟ್ಟುಬಿಟ್ಟ ಮಾದರಿ ಶೇ. 94 ಎಂದು ಹೇಳಿಕೊಳ್ಳಬಹುದು ಎಂಬುದನ್ನೂ ಗಮನಿಸಿ. ಆಕ್ಯುರಸಿ ಒಂದನ್ನೇ ಕೊಟ್ಟ ಲೇಖನ ಕಂಡರೆ ನಾನು ಉಳಿದೆರಡನ್ನೂ ಕೊಡಿ ಎಂದು ಟಿಪ್ಪಣಿ ಬರೆಯುವುದು ಇದೇ ಕಾರಣಕ್ಕೆ.

ಸಿಗ್ನಿಫಿಕೆಂಟ್ ಎಂಬ ಪದವೂ ಹೀಗೆಯೇ ತೊಡಕಿನದು. ಫಲಿತಾಂಶದ ಬಗ್ಗೆ ಅದನ್ನು ಬಳಸಿದರೆ ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿದ್ದಾರೆ ಎಂದು ಓದುಗರು ತಿಳಿಯುತ್ತಾರೆ. ಆಪ್ಟಿಮಲ್ ಎಂದರೆ ಇದಕ್ಕಿಂತ ಉತ್ತಮವಾದದ್ದು ಇಲ್ಲವೆಂದು ಸಾಧಿಸಿದಂತೆ, ‘ಬಹಳ ಚೆನ್ನಾಗಿದೆ’ ಎಂದಲ್ಲ.

ಆದರೆ ತಮ್ಮ ಕಿವಿ ಈ ಲೇಖನಗಳಿಗೆ ಬೇಡವೆಂದು ದಯವಿಟ್ಟು ತಿಳಿಯಬೇಡಿ. ಕನ್ನಡದಲ್ಲಿ ಆರ್ಟಿಕಲ್ ಇಲ್ಲದ ಕಾರಣ ನಮ್ಮ ಮಕ್ಕಳು ‘ಎ ಗ್ರಾಫ್’ ಎಂದು ಬರೆಯಬೇಕಾದಲ್ಲಿ ‘ದ ಗ್ರಾಫ್’ ಎಂದು ಬರೆಯುತ್ತಾರೆ. ಆಗ ಯಾವುದೋ ಒಂದು ಗ್ರಾಫೋ, ಹಿಂದಿನ ಪುಟದಲ್ಲಿ ಹೇಳಿದ ಅದೇ ಗ್ರಾಫೋ ತಿಳಿಯದೆ ಪ್ರಮೇಯವೇ ಗೊಂದಲವಾಗುತ್ತದೆ. ಅದನ್ನು ತಮ್ಮಂಥವರು ನನಗಿಂತ ಬೇಗ ಹಿಡಿಯುತ್ತೀರಿ. ಪಾರಿಭಾಷಿಕ ಪದಗಳನ್ನು ಮುಟ್ಟದೆ ಉಳಿದದ್ದನ್ನು ತಾವು ತಿದ್ದಿ, ಅಣ್ಣನ ಮಗ ಪಕ್ಕದಲ್ಲಿ ಕುಳಿತಿರಲಿ.

ಪ್ರಶ್ನೆ – ಸಹಾಯಕ ಪ್ರಾಧ್ಯಾಪಕರು, ಎಂಜಿನಿಯರಿಂಗ್ ಕಾಲೇಜು, ಚಿತ್ರದುರ್ಗ

ಹಣ ಕೊಟ್ಟು ಲೇಖನ ತಿದ್ದಿಸುವುದು ಪ್ರಾಮಾಣಿಕವೇ ಎಂಬ ಅಳುಕು ನನಗಿದೆ. ತಿದ್ದಿದವರ ಹೆಸರನ್ನು ಲೇಖಕರ ಸಾಲಿನಲ್ಲಿ ಸೇರಿಸಬೇಕೇ? ಇನ್ನೊಂದು ವಿಷಯ: ಕಳೆದ ವಾರ ಒಬ್ಬರು ಫೋನ್ ಮಾಡಿ, ‘ನಾವೇ ತಿದ್ದಿ, ಯುಜಿಸಿ ಕೇರ್ ಜರ್ನಲ್‌ನಲ್ಲಿ ಹಾಕಿಸಿಕೊಡುತ್ತೇವೆ, ಗ್ಯಾರಂಟಿ’ ಎಂದರು.

ಉತ್ತರ

ಆ ಫೋನಿನ ವಿಷಯ ಮೊದಲು. ಪ್ರಕಟಣೆಯ ಗ್ಯಾರಂಟಿ ಕೊಡುವವರು ಸಂಪಾದಕರಲ್ಲ. ರಿವ್ಯೂವರ್‌ಗಳ ತೀರ್ಮಾನ ನಮ್ಮ ಕೈಯಲ್ಲಿಲ್ಲ, ಇರಲೂ ಬಾರದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಮಾನ್ಯ ಮಾಡಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರ ಆರಂಭದಲ್ಲೇ ಕೈಬಿಟ್ಟಿದೆ, ಇನ್ನೂ ಆ ಹೆಸರು ಹೇಳಿ ವ್ಯಾಪಾರ ಮಾಡುವವರ ಮಾತಿಗೆ ಬೆಲೆ ಕೊಡಬೇಡಿ. ನಿಮ್ಮ ವಿದ್ಯಾರ್ಥಿಗಳು ಗಾಬರಿಯಿಂದ ಇಂಥವರ ಬಳಿ ಓಡುತ್ತಿದ್ದರೆ, 2022ರ ಯುಜಿಸಿ ನಿಯಮಾವಳಿಯಲ್ಲಿ ಪಿಎಚ್.ಡಿ.ಗೆ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಷರತ್ತು ಇಲ್ಲವೆಂದೂ, ತಮ್ಮ ವಿಶ್ವವಿದ್ಯಾಲಯದ ನಿಯಮವನ್ನು ಮಾತ್ರ ಕೇಳಿ ತಿಳಿಯಬೇಕೆಂದೂ ಹೇಳಿ.

ಅಳುಕಿನ ಬಗ್ಗೆ: ನಿಮ್ಮ ಆಲೋಚನೆ, ನಿಮ್ಮ ಪ್ರಯೋಗ, ನೀವೇ ಬರೆದ ಕರಡು ಇದ್ದು ಅದನ್ನು ಇನ್ನೊಬ್ಬರು ತಿದ್ದುವುದರಲ್ಲಿ ತಪ್ಪೇನೂ ಇಲ್ಲ. ಫಲಿತಾಂಶದ ಹಾಳೆ ಮಾತ್ರ ಕೊಟ್ಟು ‘ಬರೆದುಕೊಡಿ’ ಎಂದರೆ ಅದು ಬೇರೆಯವರ ಲೇಖನ. ಅಂಥ ಕೋರಿಕೆ ತಿಂಗಳಿಗೆ ಒಂದಾದರೂ ನನಗೆ ಬರುತ್ತದೆ, ನಾನು ಒಪ್ಪಿದ್ದಿಲ್ಲ. ಐಟ್ರಿಪಲ್‌ಇ (ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ, ಜರ್ನಲ್‌ಗಳ ಪ್ರಕಾಶಕರು) ನಿಯಮದ ಪ್ರಕಾರ ಲೇಖಕರು ಎನಿಸಿಕೊಳ್ಳಲು ಸಿದ್ಧಾಂತ, ವ್ಯವಸ್ಥೆಯ ವಿನ್ಯಾಸ, ಪ್ರಯೋಗ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಬೌದ್ಧಿಕ ಪಾಲು ಇರಬೇಕು, ಬರವಣಿಗೆಯಲ್ಲೋ ಅದರ ಪರಿಷ್ಕರಣೆಯಲ್ಲೋ ಕೈಯಾಡಿಸಿರಬೇಕು, ಅಂತಿಮ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು, ಮೂರೂ ಬೇಕು. ಭಾಷೆ ತಿದ್ದಿದವರು ಮೊದಲನೆಯ ಷರತ್ತನ್ನೇ ಪೂರೈಸುವುದಿಲ್ಲ. ಕೃತಜ್ಞತೆಯ ಭಾಗದಲ್ಲಿ ಅವರನ್ನು ಕೇಳಿ ಒಂದು ಸಾಲು ಬರೆಯಿರಿ, ಅದು ಸಾಕು.

ಪ್ರಶ್ನೆ – ಎಂ.ಟೆಕ್. ವಿದ್ಯಾರ್ಥಿ, ದಾವಣಗೆರೆ

ಮೇಡಂ, ನನ್ನ ಲೇಖನದ ಸಾಮ್ಯತೆ (ಬೇರೆ ಬರಹಗಳೊಂದಿಗೆ ಹೊಂದುವ ಪಾಲು) ಶೇ. 27 ಬಂದಿದೆ. ಪ್ಯಾರಾಫ್ರೇಸ್ ಮಾಡುವ, ಅಂದರೆ ಪದ ಬದಲಿಸಿ ಬರೆಯುವ ತಂತ್ರಾಂಶದಲ್ಲಿ ಹಾಕಿದರೆ ಶೇ. 9ಕ್ಕೆ ಇಳಿಯುತ್ತದೆ. ಹಾಗೆ ಮಾಡಬಹುದೇ? ಎಐ ಬಳಸಿ ಭಾಷೆ ತಿದ್ದಿಕೊಂಡರೆ ಅದನ್ನು ತಿಳಿಸಬೇಕೇ?

ಉತ್ತರ

ಮಾಡಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. 2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಾಬೆ ಮತ್ತು ಅಲೆಕ್ಸಾಂಡರ್ ಮಗಜಿನೋವ್ ಎಂಬ ಸಂಶೋಧಕರು, ಪ್ರಕಟವಾದ ಕಂಪ್ಯೂಟರ್ ಲೇಖನಗಳಲ್ಲಿ ‘ಕೌಂಟರ್‌ಫಿಟ್ ಕಾನ್ಷಿಯಸ್‌ನೆಸ್’ ಎಂಬಂಥ ವಿಚಿತ್ರ ಪದಪುಂಜಗಳನ್ನು ಪತ್ತೆಹಚ್ಚಿದರು. ಅದು ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಎಂಬುದರ ವೇಷ ಬದಲಿಸಿದ ರೂಪ! ಸಾಮ್ಯತೆ ಇಳಿಸಲು ತಂತ್ರಾಂಶ ಪದಕ್ಕೆ ಪದ ಬದಲಿಸಿದಾಗ ಹೀಗಾಗುತ್ತದೆ. ಅವರು ಇವನ್ನು ‘ಚಿತ್ರಹಿಂಸೆಗೊಳಗಾದ ಪದಪುಂಜಗಳು’ ಎಂಬ ಅರ್ಥದ ಹೆಸರಿನಿಂದ ಕರೆದರು. ಇಂಥ ಲೇಖನಗಳು ಮುಂದೆ ಹಿಂತೆಗೆತಕ್ಕೆ ಒಳಗಾದದ್ದೂ ಇದೆ. ಶೇ. 9 ಬಂದರೂ ಕದ್ದ ಆಲೋಚನೆ ಕದ್ದದ್ದೇ, ಮೇಲಿಂದ ಪರಿಭಾಷೆಯೂ ಕೆಡುತ್ತದೆ.

ಮೊದಲು ಆ ಶೇ. 27 ಎಲ್ಲಿಂದ ಬಂತೆಂದು ವರದಿ ತೆರೆದು ನೋಡಿ. ಪರಾಮರ್ಶನ ಪಟ್ಟಿಯನ್ನೂ ಲೆಕ್ಕ ಹಾಕಿದ್ದರೆ ಅದನ್ನು ಹೊರಗಿಡಿಸಿ. 2018ರ ಯುಜಿಸಿ ನಿಯಮವು ಪರಾಮರ್ಶನ ಪಟ್ಟಿ, ಸಿದ್ಧ ಸಂಕೇತಗಳು ಮತ್ತು ಸಮೀಕರಣಗಳಂಥವನ್ನು ಬಿಟ್ಟು ಲೆಕ್ಕ ಹಾಕಲು ಹೇಳುತ್ತದೆ, ಶೇ. 10ರವರೆಗೆ ದಂಡನೆ ಇಲ್ಲ, 10ರಿಂದ 40ರವರೆಗೆ ಇದ್ದರೆ ಪದವಿಯ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬೇಕು, ಪ್ರಕಟಣೆಯ ಲೇಖನವಾದರೆ ಹಿಂಪಡೆಯಬೇಕು. ಸಾಮಾನ್ಯವಾಗಿ ಸಾಮ್ಯತೆ ಹೆಚ್ಚುವುದು ಹಿಂದಿನ ಕೆಲಸಗಳನ್ನು ವಿವರಿಸುವ ಭಾಗದಲ್ಲಿ. ಮೂಲ ಲೇಖನ ಓದಿ, ಮುಚ್ಚಿಟ್ಟು, ಅದರಲ್ಲಿ ಏನಿದೆಯೆಂದು ಗೆಳೆಯರಿಗೆ ಕನ್ನಡದಲ್ಲಿ ಹೇಳಿನೋಡಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ನಾನು ಪಾಠ ಮಾಡುತ್ತಿದ್ದ ದಿನಗಳಿಂದ ಇದನ್ನೇ ಹೇಳಿಕೊಡುತ್ತಿದ್ದೇನೆ, ಇದರಿಂದ ಸಾಮ್ಯತೆಯೂ ಇಳಿಯುತ್ತದೆ, ವಿಷಯವೂ ಅರ್ಥವಾಗುತ್ತದೆ.

ಎಐ ಬಗ್ಗೆ ಪ್ರಕಾಶಕರ ನಿಯಮ ಒಂದೊಂದು ಕಡೆ ಒಂದೊಂದು ರೀತಿ ಇದೆ. ಭಾಷೆ ತಿದ್ದಲು ಮಾತ್ರ ಬಳಸಿದ್ದರೆ ತಿಳಿಸಲೇಬೇಕೆಂದು ಎಸಿಎಂ (ಕಂಪ್ಯೂಟರ್ ವಿಜ್ಞಾನಿಗಳ ಸಂಸ್ಥೆ) ಹೇಳುವುದಿಲ್ಲ, ತಿಳಿಸುವುದು ಒಳ್ಳೆಯದೆಂದು ಐಟ್ರಿಪಲ್‌ಇ ಹೇಳುತ್ತದೆ. ಹೊಸದಾಗಿ ಪಠ್ಯವನ್ನೋ ಚಿತ್ರವನ್ನೋ ಅದರಿಂದ ಬರೆಸಿದ್ದರೆ ಎರಡೂ ಕಡೆ ತಿಳಿಸಲೇಬೇಕು, ಅದನ್ನು ಲೇಖಕನೆಂದು ಹಾಕುವಂತೆಯೇ ಇಲ್ಲ. ಕಳುಹಿಸುವ ದಿನ ಆ ಜರ್ನಲ್‌ನ ಪುಟವನ್ನು ಮತ್ತೊಮ್ಮೆ ಓದಿಕೊಳ್ಳಿ.

ಪ್ರಶ್ನೆ – ಸಂಶೋಧನಾ ವಿದ್ಯಾರ್ಥಿ, ಚಳ್ಳಕೆರೆ

ನನ್ನದು ಲೇಟೆಕ್ (ಸಮೀಕರಣಗಳಿರುವ ಲೇಖನ ಸಿದ್ಧಪಡಿಸುವ ತಂತ್ರಾಂಶ) ಕಡತ. ವರ್ಡ್‌ಗೆ ಬದಲಿಸಿ ಕಳುಹಿಸಬೇಕೇ? ಕಾನ್ಫರೆನ್ಸ್‌ನವರು ಡಬಲ್ ಬ್ಲೈಂಡ್, ಅಂದರೆ ಲೇಖಕರು ಯಾರೆಂದು ರಿವ್ಯೂವರ್‌ಗೂ ರಿವ್ಯೂವರ್ ಯಾರೆಂದು ಲೇಖಕರಿಗೂ ತಿಳಿಯಬಾರದು ಎಂದಿದ್ದಾರೆ.

ಉತ್ತರ

ಬದಲಿಸಬೇಡಿ. ಸಮೀಕರಣ, ಅಡ್ಡ ಉಲ್ಲೇಖ, ಅಲ್ಗಾರಿದಮ್‌ನ ಇಂಡೆಂಟ್ ಎಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಮೂಲ ಕಡತವನ್ನೂ ಪಿಡಿಎಫ್ ಅನ್ನೂ ಕೊಡಿ; ಲೇಟೆಕ್‌ಡಿಫ್‌ನಂಥ ಸಾಧನದಿಂದ ತಿದ್ದಿದ ಪ್ರತಿ ಪದವೂ ಬಣ್ಣದಲ್ಲಿ ಕಾಣುವಂತೆ ಸಂಪಾದಕರು ವಾಪಸು ಕೊಡಬೇಕು. ಏನು ತಿದ್ದಿದರೆಂದು ತೋರಿಸದೆ ಶುದ್ಧ ಪ್ರತಿ ಮಾತ್ರ ಕೊಡುವವರ ಬಳಿ ಹೋಗಬೇಡಿ. ಡಬಲ್ ಬ್ಲೈಂಡ್ ಆದ್ದರಿಂದ ‘ನಮ್ಮ ಹಿಂದಿನ ಲೇಖನದಲ್ಲಿ’ ಎಂಬುದನ್ನು ಬೇರೆಯವರದೆಂಬಂತೆ ಬರೆಯಿರಿ, ಕೃತಜ್ಞತೆಯನ್ನು ಸದ್ಯಕ್ಕೆ ತೆಗೆಯಿರಿ, ಗಿಟ್‌ಹಬ್ ಕೊಂಡಿಯಲ್ಲೂ ಪಿಡಿಎಫ್‌ನ ವಿವರಗಳಲ್ಲೂ ಹೆಸರು ಉಳಿದಿದೆಯೇ ನೋಡಿಕೊಳ್ಳಿ.

ಮರುಪ್ರಶ್ನೆ – ಮೊದಲು ಕೇಳಿದ ಸಂಶೋಧನಾ ವಿದ್ಯಾರ್ಥಿನಿ

ಮೇಡಂ, ನೀವು ಅನುಮಾನಿಸಿದಂತೆಯೇ ಆಗಿತ್ತು. ಚಿತ್ರಗಳನ್ನು ಹೆಚ್ಚಿಸಿದ ಮೇಲೆಯೇ ಹಂಚಿದ್ದೆ. ಹೊಲದ ಪ್ರಕಾರ ಹಂಚಿ ಮತ್ತೆ ಪ್ರಯೋಗ ಮಾಡಿದೆ. ಆಕ್ಯುರಸಿ ಶೇ. 84ಕ್ಕೆ ಇಳಿದಿದೆ. ಎರಡು ದಿನ ಊಟ ಸೇರಲಿಲ್ಲ. ಇದನ್ನು ಕಳುಹಿಸಿದರೆ ಯಾರಾದರೂ ಒಪ್ಪುತ್ತಾರೆಯೇ?

ಉತ್ತರ

ಧೈರ್ಯವಾಗಿ ಕಳುಹಿಸಮ್ಮ. ಕಾಣದ ಹೊಲದ ಮೇಲೆ ಬಂದ 84 ಅದು, ಮೊದಲಿನ 96ಕ್ಕಿಂತ ಅದರ ತೂಕ ಹೆಚ್ಚು. ಎರಡೂ ಬಗೆಯ ಹಂಚಿಕೆಯ ಫಲಿತಾಂಶವನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಕೊಟ್ಟು, ಹಂಚುವ ಕ್ರಮ ಬದಲಾದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನೇ ಲೇಖನದ ಒಂದು ಭಾಗವಾಗಿ ಬರೆ. ಪ್ರತಿ ರೋಗಕ್ಕೂ ಪ್ರಿಸಿಶನ್ ಮತ್ತು ರೀಕಾಲ್ ಬೇರೆ ಬೇರೆಯಾಗಿ ಇರಲಿ, ಎಷ್ಟು ಹೊಲ, ಯಾವ ತಿಂಗಳು, ಯಾವ ಮೊಬೈಲು ಎಂಬುದೂ ಇರಲಿ. ರಿವ್ಯೂವರ್‌ಗೆ ಬರೆಯುವ ಪತ್ರದಲ್ಲಿ, ಹಿಂದಿನ ಹಂಚಿಕೆಯಲ್ಲಿ ದೋಷವಿತ್ತೆಂದೂ ಅದನ್ನು ಸರಿಪಡಿಸಿ ಪ್ರಯೋಗ ಮತ್ತೆ ಮಾಡಿದೆವೆಂದೂ ಮೊದಲ ಸಾಲಿನಲ್ಲೇ ಹೇಳು. ಅಬ್‌ಸ್ಟ್ರ್ಯಾಕ್ಟ್ ಅನ್ನು ಎಲ್ಲಕ್ಕಿಂತ ಕೊನೆಗೆ ಬರೆದು, ಅದರಲ್ಲಿರುವ ಪ್ರತಿ ಸಂಖ್ಯೆಯ ಮೇಲೂ ಬೆರಳಿಟ್ಟು ಕೋಷ್ಟಕದೊಡನೆ ತಾಳೆ ನೋಡಿ ನನಗೆ ಕಳುಹಿಸು.