ಅಪ್‌ಡೇಟ್: ಟಿಬಿ ಔಷಧಿ ನಡೆಯುವಾಗ ಅಣ್ಣನ ಕಾಲು ಊದಿದ್ದಕ್ಕೆ ಕಾರಣ ಸಿಕ್ಕಿತು

ಮುಂಬೈಯ ಮುಲುಂಡ್‌ನಲ್ಲಿರುವ ಅಣ್ಣನಿಗೆ ಶ್ವಾಸಕೋಶದ ಟಿಬಿ, ಔಷಧಿ ಶುರುವಾದ ಮೇಲೆ ಎಡಗಾಲು ಮಾತ್ರ ಊದಿಕೊಂಡಿದೆ, ಏನು ಮಾಡೋದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಒಂದೇ ಕಾಲು ಊದಿದ್ರೆ ಕಾಯಬೇಡಿ, ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್) ಮಾಡಿಸಿ" ಅಂದವರ ಮಾತೇ ಸರಿಯಾಯಿತು. ತೊಡೆಯ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೆಲವರು ಹೇಳಿದಂತೆ ಉಪ್ಪು ಕಡಿಮೆ ಮಾಡಿದ್ದರಿಂದ ಊತ ಚೂರೂ ಇಳಿಯಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿ ಅಂತ ಬಂದ ಸಲಹೆಯನ್ನಂತೂ ದಯವಿಟ್ಟು ಯಾರೂ ಪಾಲಿಸಬೇಡಿ. ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಟಿಬಿಗೂ ಕಾಲಿಗೂ ಏನು ಸಂಬಂಧ ಅನ್ನಿಸುತ್ತದೆ, ಅಲ್ವಾ? ಸೋಂಕಿನ ಉರಿಯೂತದಿಂದ ರಕ್ತದಲ್ಲಿ ಫೈಬ್ರಿನೋಜೆನ್‌ನಂಥ ಹೆಪ್ಪುಗಟ್ಟಿಸುವ ಅಂಶಗಳು ಜಾಸ್ತಿಯಾಗುತ್ತವೆ. ಸುಸ್ತಿನಿಂದ ಸದಾ ಮಲಗಿಯೇ ಇರುವುದೂ ಸೇರಿಕೊಳ್ಳುತ್ತದೆ.

ನಮಗೆ ಆಶ್ಚರ್ಯವಾದದ್ದು ಬೇರೆ. ಮೂತ್ರವನ್ನು ಕೇಸರಿ ಬಣ್ಣ ಮಾಡುವ ಟಿಬಿ ಔಷಧಿ ರಿಫಾಂಪಿಸಿನ್ ಇದೆಯಲ್ಲ, ಅದು ಲಿವರ್ ಅನ್ನು ಚುರುಕುಗೊಳಿಸಿ ರಕ್ತ ತೆಳುವಾಗಿಸುವ ವಾರ್ಫರಿನ್‌ನ ಬಲವನ್ನೇ ಕುಗ್ಗಿಸುತ್ತದೆ. ರಕ್ತ ತೆಳುವಾಗಿಸುವ ಬೇರೆ ಮಾತ್ರೆಗಳಾದ ರಿವರೋಕ್ಸಬಾನ್, ಅಪಿಕ್ಸಬಾನ್‌ ಕಥೆಯೂ ಅದೇ. ಅಣ್ಣನಿಗೆ ಮೊದಲು ಹೊಟ್ಟೆಯ ಚರ್ಮಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಟ್ಟರು, ಜೊತೆಗೆ ವಾರ್ಫರಿನ್ ಶುರು ಮಾಡಿದರು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಹೇಳುವ ರಕ್ತ ಪರೀಕ್ಷೆಯ ಅಂಕಿ) 2ರಿಂದ 3ರ ಒಳಗೆ ಬರಬೇಕು. ಅದಕ್ಕಾಗಿ ವಾರ್ಫರಿನ್ ಡೋಸ್ ಇನ್ನೂ ಏರಿಸುತ್ತಲೇ ಇದ್ದಾರೆ. ಮುಂದೆ ರಿಫಾಂಪಿಸಿನ್ ನಿಂತಾಗ ಇದೇ ಡೋಸ್ ಹೆಚ್ಚಾಗಿ ರಕ್ತಸ್ರಾವ ಆಗಬಹುದು, ಆಗ ಮತ್ತೆ ಇಳಿಸಬೇಕು. ಹಾಗಾಗಿ ಟಿಬಿ ಮಾತ್ರೆಗಳ ಹೆಸರನ್ನು ಪ್ರತಿ ಡಾಕ್ಟರಿಗೂ ತೋರಿಸಿ.

ಊತ ಈಗ ಅರ್ಧ ಇಳಿದಿದೆ. ಟಿಬಿ ಮಾತ್ರೆ ಒಂದು ದಿನವೂ ನಿಲ್ಲಿಸಿಲ್ಲ.